ತಣಿಸುವ ಅಧ್ಯಾಯದಿಂದ ಓದಲು ಶುರುಮಾಡಿ

ಸೋಲೂರು ಹೋಬಳಿಯ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಕ್ಕತಂಗಿಯರೆ,



ಗಾಜಿನ ಮಣಿ ಮಾಡುವುದನ್ನು ಕಲಿಯಬೇಕೆಂದು ನಿಮ್ಮಲ್ಲಿ ಕೆಲವರು ಮನಸ್ಸು ಮಾಡಿದ್ದೀರಿ. ಕೈಹಿಡಿದು ಕಲಿಸುವವರು ಹತ್ತಿರದಲ್ಲಿಲ್ಲ. ಹಾಗಾಗಿ ಸಂಘದ ಉಳಿತಾಯದಲ್ಲಿ ಒಂದಿಷ್ಟು ತೆಗೆದು ಪುಸ್ತಕ ತರಿಸೋಣ, ಪಂಚಾಯಿತಿ ಗ್ರಂಥಾಲಯದಲ್ಲಿ ಇಟ್ಟು ಎಲ್ಲರೂ ಓದೋಣ ಎಂದು ಮಾತಾಡಿಕೊಂಡಿದ್ದೀರಿ. ಯಾವ ಪುಸ್ತಕ ತರಿಸಬೇಕು ಎಂದು ನನ್ನನ್ನು ಕೇಳಿದಿರಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಾಗ ಬರ್ನರ್ ಉರಿಯಲ್ಲಿ ಗಾಜಿನ ನಳಿಕೆ ಬಗ್ಗಿಸಿ ರೂಢಿಯಾದ ಕೈ ನನ್ನದು. ನಿವೃತ್ತಿಯಾದ ಮೇಲೆ ಮಣಿ ಸುತ್ತುವುದನ್ನೂ ಕಲಿತೆ, ಬಹುಪಾಲು ಪುಸ್ತಕಗಳಿಂದಲೇ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದರೆ ಕುಣಿಗಲ್, ಮಾಗಡಿ ಕಡೆಯ ಸಂಘದವರಿಗೂ ಉಪಯೋಗವಾದೀತು ಎಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಮಾಡಿ, ಆಮೇಲೆ ಹೀಗೆ ಮಾಡಿ ಎಂದು ಚಿತ್ರ ತೋರಿಸಿ ಮುಗಿಸುವ ಪುಸ್ತಕ ನಿಮಗೆ ಸಾಲದು. ಹೀಗೇಕೆ ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳುವ ಪುಸ್ತಕ ಬೇಕು. ಏಕೆಂದರೆ ಈ ವಿದ್ಯೆಯ ಬಗ್ಗೆ ಸಿಗುವ ಒಳ್ಳೆಯ ಪುಸ್ತಕಗಳು ಹೆಚ್ಚಾಗಿ ಅಮೆರಿಕದ ಕಲಿಯುವವರಿಗಾಗಿ ಬರೆದವು. ಅಲ್ಲಿನ ಗಾಜು ಬೇರೆ, ಗ್ಯಾಸು ಬೇರೆ, ಕುಲುಮೆ ಬೇರೆ, ಕರೆಂಟು ಬರುವ ರೀತಿಯೂ ಬೇರೆ. ಅವರ ಹೆಜ್ಜೆಯನ್ನು ಇದ್ದಹಾಗೇ ಇಲ್ಲಿ ಹಾಕಿದರೆ ಮಣಿ ಬಿರುಕು ಬಿಡುತ್ತದೆ, ಕೆಲವೊಮ್ಮೆ ಕೈಯೂ ಸುಡುತ್ತದೆ. ಕಾರಣ ತಿಳಿದಿದ್ದರೆ ಹೆಜ್ಜೆಯನ್ನು ನಮ್ಮ ಅನುಕೂಲಕ್ಕೆ ನಾವೇ ಬದಲಿಸಿಕೊಳ್ಳಬಹುದು.

ಪುಸ್ತಕಕ್ಕೆ ಹೋಗುವ ಮೊದಲು ನೀವು ಮಾಡಬೇಕೆಂದಿರುವ ಮಣಿ ಯಾವುದು ಎಂದು ತೀರ್ಮಾನಿಸಿಕೊಳ್ಳಿ. ನಿಮ್ಮಲ್ಲಿ ಒಬ್ಬರು ಕರಿಮಣಿ ಮಾಡಿ ಮಾರಿದರೆ ಊರೂರಲ್ಲೂ ಗಿರಾಕಿ ಇದ್ದಾರೆ ಎಂದರು. ಗಿರಾಕಿ ಇರುವುದು ನಿಜ. ಆದರೆ ತಾಳಿಸರಕ್ಕೆ ಪೋಣಿಸುವ ಸಣ್ಣ ಕರಿಮಣಿ ಒಂದೊಂದಾಗಿ ಉರಿಯಲ್ಲಿ ಸುತ್ತಿ ಮಾಡುವ ಮಣಿಯಲ್ಲ. ಅದು ಎಳೆದು ಮಾಡುವ ಮಣಿ. ಕರಗಿದ ಗಾಜನ್ನು ಟೊಳ್ಳಾದ ಉದ್ದ ನಳಿಕೆಯಾಗಿ ಎಳೆದು, ತುಂಡರಿಸಿ, ಆ ತುಂಡುಗಳ ಅಂಚು ದುಂಡಾಗುವಂತೆ ಮತ್ತೆ ಕಾಯಿಸುತ್ತಾರೆ. ನಮ್ಮ ಪಕ್ಕದ ಆಂಧ್ರದಲ್ಲಿ, ಶ್ರೀಕಾಳಹಸ್ತಿ ಸೀಮೆಯ ಪಾಪಾನಾಯುಡುಪೇಟದಲ್ಲಿ ಈ ಕೆಲಸವನ್ನು ಕೈಯಿಂದಲೇ ಮಾಡುತ್ತಿದ್ದರು. ಲಾಡ ಎಂಬ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಗಾಜಿನ ದೊಡ್ಡ ಮುದ್ದೆ ಕೂರಿಸಿ, ಕುಲುಮೆಯ ಬಾಯಿಂದ ಗಂಟೆಗಟ್ಟಲೆ ನಳಿಕೆ ಎಳೆಯುತ್ತಿದ್ದರು. ಕತ್ತರಿಸಿದ ತುಂಡುಗಳನ್ನು ಬೂದಿಯಲ್ಲಿ ಹೊರಳಿಸಿ ಕಾಯಿಸುತ್ತಿದ್ದರು, ತೂತು ಮುಚ್ಚಿಕೊಳ್ಳಬಾರದೆಂದು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ತಯಾರಾಗಿ ಸಮುದ್ರ ದಾಟಿ ಹೋದ ಸಣ್ಣ ಮಣಿಗಳ ವಿದ್ಯೆಗೂ ಪಾಪಾನಾಯುಡುಪೇಟದ ವಿದ್ಯೆಗೂ ಇರುವ ನಂಟನ್ನು ಪೀಟರ್ ಫ್ರಾನ್ಸಿಸ್ ಎಂಬ ಅಮೆರಿಕದ ಸಂಶೋಧಕ ವರ್ಷಗಟ್ಟಲೆ ಹುಡುಕಿದ. ಅವನ ‘ಏಷ್ಯಾಸ್ ಮ್ಯಾರಿಟೈಮ್ ಬೀಡ್ ಟ್ರೇಡ್’ 2002ರಲ್ಲಿ ಬಂತು. ಓದಿ ಹೆಮ್ಮೆಪಡುವ ಪುಸ್ತಕ ಅದು. ಮೋರೇಶ್ವರ ದೀಕ್ಷಿತರ ‘ಹಿಸ್ಟರಿ ಆಫ್ ಇಂಡಿಯನ್ ಗ್ಲಾಸ್’ (1969) ಕೂಡ ಅಂಥದೇ. ಗ್ರಂಥಾಲಯದಲ್ಲಿ ಇದ್ದರೆ ಚೆನ್ನ. ಆದರೆ ಉರಿಯ ಮುಂದೆ ಕೂತವಳಿಗೆ ಕೈಕೆಲಸ ಕಲಿಸುವುದಕ್ಕಾಗಿ ಬರೆದವಲ್ಲ ಇವು.

ನೀವು ಮಾಡಬಹುದಾದದ್ದು ಸುತ್ತಿ ಮಾಡುವ ಮಣಿ. ಮಣ್ಣಿನಂಥ ಲೇಪ ಬಳಿದು ಒಣಗಿಸಿದ ಸಣ್ಣ ಉಕ್ಕಿನ ಸರಳು ಒಂದು ಕೈಯಲ್ಲಿ, ಬಣ್ಣದ ಗಾಜಿನ ಕಡ್ಡಿ ಇನ್ನೊಂದು ಕೈಯಲ್ಲಿ. ಉರಿಯಲ್ಲಿ ಕಡ್ಡಿಯ ತುದಿ ಕರಗಿ ಜೇನಿನ ಹದಕ್ಕೆ ಬಂದಾಗ ತಿರುಗುವ ಸರಳಿನ ಮೇಲೆ ಸುತ್ತಿಕೊಳ್ಳುತ್ತದೆ. ತಣಿದ ಮೇಲೆ ಲೇಪ ಪುಡಿಯಾಗಿ ಮಣಿ ಸರಳಿನಿಂದ ಕಳಚುತ್ತದೆ, ಸರಳಿದ್ದ ಜಾಗವೇ ಮಣಿಯ ತೂತು. ಇಂಥ ಮಣಿ ದೊಡ್ಡದು, ಒಂದರಂತೆ ಇನ್ನೊಂದಿರದು, ಬೆಲೆಯೂ ಹೆಚ್ಚು. ಆದ್ದರಿಂದ ಪುಸ್ತಕದ ಹೆಸರಿನಲ್ಲಿ ಬೀಡ್ ಎಂದಿದೆ ಎಂದಷ್ಟಕ್ಕೇ ತರಿಸಬೇಡಿ. ಆ ಹೆಸರಿನ ಪುಸ್ತಕಗಳಲ್ಲಿ ಬಹಳಷ್ಟು ಮಣಿ ಪೋಣಿಸುವುದನ್ನು, ಹೆಣೆಯುವುದನ್ನು ಕಲಿಸುತ್ತವೆ. ಲ್ಯಾಂಪ್‌ವರ್ಕ್ (ಉರಿಯಲ್ಲಿ ಗಾಜು ಕರಗಿಸಿ ಮಾಡುವ ಕೆಲಸ) ಅಥವಾ ಬೀಡ್‌ಮೇಕಿಂಗ್ ಎಂಬ ಮಾತಿದೆಯೇ ಎಂದು ನೋಡಿ, ಒಳಗಿನ ಪರಿವಿಡಿಯಲ್ಲಿ ಟಾರ್ಚ್ (ಗಾಜು ಕರಗಿಸುವ ಉರಿ ಕೊಡುವ ಸಾಧನ), ಗ್ಲಾಸ್, ಅನೀಲಿಂಗ್ (ತಣಿಸುವುದು) ಎಂಬ ಅಧ್ಯಾಯಗಳಿವೆಯೇ ಎಂದು ನೋಡಿ.

ಇಲ್ಲಿ ಸ್ವಲ್ಪ ನಮ್ಮ ಸುತ್ತಲಿನ ಊರುಗಳ ಕಡೆ ತಿರುಗುತ್ತೇನೆ. ಗಾಜು ನಮ್ಮ ಸೀಮೆಗೆ ಹೊಸದು ಎಂದು ನೀವು ತಿಳಿದಿದ್ದರೆ ಆ ಅಳುಕು ಬಿಡಿ. ಚನ್ನಪಟ್ಟಣ ಎಂದರೆ ಈಗ ಎಲ್ಲರಿಗೂ ಅರಗಿನ ಬಣ್ಣದ ಮರದ ಬೊಂಬೆ ನೆನಪಾಗುತ್ತದೆ. ಆದರೆ ಟಿಪ್ಪುವಿನ ಮರಣದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆ ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ಗಾಜಿನ ಬಳೆ ಮಾಡುವುದನ್ನು ಕಂಡು ಬರೆದಿದ್ದಾನೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ಚನ್ನಪಟ್ಟಣದ ಹೆಸರುವಾಸಿ ಸರಕುಗಳಲ್ಲಿ ಅರಗಿನ ಕೆಲಸ, ವಾದ್ಯಗಳ ಉಕ್ಕಿನ ತಂತಿಯ ಜೊತೆಗೆ ಗಾಜಿನ ಬಳೆಯನ್ನೂ ಹೆಸರಿಸುತ್ತದೆ. ಬುಕಾನನ್ ಅದೇ ಪ್ರವಾಸದಲ್ಲಿ ಚಿತ್ರದುರ್ಗ ಸೀಮೆಯ ಮತ್ತೋಡಿಗೂ ಹೋದ. ಅಲ್ಲಿ ಸೌಳು ಮಣ್ಣಿನಿಂದ ತೆಗೆದ ಕ್ಷಾರವನ್ನೂ ಬಿಳಿ ಬೆಣಚುಕಲ್ಲಿನ ಪುಡಿಯನ್ನೂ ಬೆರೆಸಿ, ಕರಗಿಸಿ, ಬಳೆಗೆ ಗಾಜು ತಯಾರಿಸುತ್ತಿದ್ದುದನ್ನು ವಿವರವಾಗಿ ಬರೆದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಆ ಪುಟಗಳನ್ನು ಓದುವಾಗ ನನಗೆ ಸಂತೋಷದ ಜೊತೆ ಸಂಕಟವೂ ಆಗುತ್ತದೆ. ದಾರಿಹೋಕನೊಬ್ಬ ಪರಭಾಷೆಯಲ್ಲಿ ಗುರುತು ಹಾಕಿಕೊಂಡದ್ದು ಉಳಿಯಿತು, ಕುಲುಮೆಯ ಮುಂದೆ ಕೂತವರಿಗೆ ತಿಳಿದಿದ್ದದ್ದು ಉಳಿಯಲಿಲ್ಲ. ಏನೇನು ಬೆರೆಸಿದರು ಎಂಬುದು ಬುಕಾನನ್‌ಗೆ ಕಂಡಿತು. ಉರಿಯ ಬಣ್ಣ ನೋಡಿ ಗಾಜು ಬಳೆಗೆ ತಯಾರಾಗಿದೆಯೆಂದು ಹೇಗೆ ತಿಳಿಯುತ್ತಿದ್ದರು, ಬಳೆ ಒಡೆಯದಂತೆ ಹೇಗೆ ತಣಿಸುತ್ತಿದ್ದರು ಎಂಬುದನ್ನು ಅವನ ಬರವಣಿಗೆಯಿಂದ ಇಂದು ಯಾರೂ ಕಲಿಯಲಾರರು. ಸಾಮಗ್ರಿಯ ಪಟ್ಟಿಯಿಂದ ಕಸುಬು ಬರುವುದಿಲ್ಲ. ಪುಸ್ತಕ ಆರಿಸುವಾಗಲೂ ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳಿ. ಕಣ್ಣಿಗೆ ಕಾಣದ್ದನ್ನು ಈ ಪುಸ್ತಕ ಎಷ್ಟು ಹೇಳುತ್ತದೆ?

ಕಣ್ಣಿಗೆ ಕಾಣದ್ದರಲ್ಲಿ ದೊಡ್ಡದು ತಣಿಸುವುದು. ಯಾವುದೇ ಪುಸ್ತಕ ಕೈಗೆ ಬಂದರೂ ಬಣ್ಣಬಣ್ಣದ ಪುಟ ಬಿಟ್ಟು ಮೊದಲು ಅನೀಲಿಂಗ್ ಎಂಬ ಅಧ್ಯಾಯ ತೆಗೆಯಿರಿ. ಒಂದೇ ಪ್ಯಾರಾದಲ್ಲಿ ಮುಗಿಸಿದ್ದರೆ ಪುಸ್ತಕವನ್ನು ಅಲ್ಲೇ ಮುಚ್ಚಿ. ವಿಷಯ ಇಷ್ಟು: ಉರಿಯಿಂದ ತೆಗೆದ ಮಣಿಯ ಹೊರಮೈ ಗಾಳಿಗೆ ಬೇಗ ತಣಿಯುತ್ತದೆ, ಒಳಗು ಕಾದೇ ಇರುತ್ತದೆ. ಬಿಸಿಮುದ್ದೆಯ ಮೇಲ್ಮೈ ಆರಿದೆ ಎಂದು ನುಂಗಿದವನಿಗೆ ಒಳಗಿನ ಬಿಸಿ ಗೊತ್ತಾಗುವ ಹಾಗೆ. ಗಟ್ಟಿಯಾದ ಹೊರಮೈಯೊಳಗೆ ಒಳಗಿನ ಗಾಜು ಆಮೇಲೆ ಕುಗ್ಗುತ್ತದೆ, ಕುಗ್ಗಲು ಹೊರಮೈ ಬಿಡುವುದಿಲ್ಲ. ಆ ಎಳೆತ ಗಾಜಿನಲ್ಲಿ ಹಾಗೇ ಸಿಕ್ಕಿಕೊಳ್ಳುತ್ತದೆ. ಮಣಿ ಅಂದೇ ಒಡೆಯಬಹುದು, ವಾರ ಬಿಟ್ಟು ಒಡೆಯಬಹುದು, ಕೊಂಡವರ ಕೊರಳಲ್ಲಿ ಒಡೆಯಬಹುದು. ನೋಡಲು ಮಾತ್ರ ಚೆಂದವಾಗಿಯೇ ಇರುತ್ತದೆ.

ಇದಕ್ಕೆ ಪರಿಹಾರ, ಮಣಿಯನ್ನು ಕುಲುಮೆಯಲ್ಲಿಟ್ಟು ಅದರ ಎಳೆತ ಸಡಿಲವಾಗುವ ಶಾಖದಲ್ಲಿ ಸಾಕಷ್ಟು ಹೊತ್ತು ಹಿಡಿದು, ಆಮೇಲೆ ನಿಧಾನವಾಗಿ ಇಳಿಸುವುದು. ಮಣಿಗೆ ಬಳಸುವ ಮೆದು ಗಾಜಿಗೆ ಈ ಶಾಖ ಸುಮಾರು 510 ಡಿಗ್ರಿ ಸೆಲ್ಸಿಯಸ್. ಪ್ರಯೋಗಶಾಲೆಯ ಪಾತ್ರೆಗಳ ಬೋರೋಸಿಲಿಕೇಟ್ ಗಾಜಿಗೆ ಸುಮಾರು 565. ಎಷ್ಟು ಹೊತ್ತು ಎಂಬುದು ಮಣಿಯ ದಪ್ಪದ ಮೇಲೆ ನಿಂತಿದೆ. ದಪ್ಪ ಎರಡರಷ್ಟಾದರೆ ನಿಧಾನವಾಗಿ ಇಳಿಸುವ ಹೊತ್ತು ನಾಲ್ಕರಷ್ಟಾಗಬೇಕು. ಈ ಮಾತನ್ನು ಹೇಳುವ ಪುಸ್ತಕ ಒಳ್ಳೆಯದು. ಒಂದೇ ಅಂಕಿ ಕೊಟ್ಟು ಎಲ್ಲ ಮಣಿಗೂ ಇದೇ ಸಾಕು ಎನ್ನುವ ಪುಸ್ತಕ ನೀವು ದೊಡ್ಡ ಮಣಿ ಮಾಡಿದ ದಿನ ಕೈಕೊಡುತ್ತದೆ.

ಅಂಕಿಯ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಪುಸ್ತಕಗಳು ಶಾಖವನ್ನು ಫ್ಯಾರನ್‌ಹೀಟ್‌ನಲ್ಲಿ ಬರೆಯುತ್ತವೆ. ಅಲ್ಲಿ 950 ಎಂದಿದ್ದರೆ ಅದು ನಮ್ಮ 510. ನಮ್ಮಲ್ಲಿ ಮಾರುವ ಕುಲುಮೆಗಳ ಕಂಟ್ರೋಲರ್ ಸೆಲ್ಸಿಯಸ್ ತೋರಿಸುತ್ತದೆ. ಪುಸ್ತಕದ 950ನ್ನು ಹಾಗೇ ಒತ್ತಿದರೆ ಮಣಿಗಳೆಲ್ಲ ಕರಗಿ ಕುಲುಮೆಯ ತಳಕ್ಕೆ ಅಂಟುತ್ತವೆ. ಪುಸ್ತಕ ಗ್ರಂಥಾಲಯಕ್ಕೆ ಬಂದ ದಿನವೇ ಒಬ್ಬರು ಕೂತು ಎಲ್ಲ ಶಾಖಗಳ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಸೆಲ್ಸಿಯಸ್ ಬರೆದಿಡಿ. ಲೆಕ್ಕ ಸುಲಭ: 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ. ಎಂಟನೇ ತರಗತಿಯ ಮಗು ಮಾಡಿಕೊಡುತ್ತದೆ.

ಇನ್ನೊಂದು ವಿಷಯ ಸಂಘವಾಗಿ ಕಲಿಯುವ ನಿಮಗೆ ಬಹಳ ಮುಖ್ಯ. ಎಷ್ಟೋ ಪುಸ್ತಕಗಳು ಉರಿಯ ಪಕ್ಕದಲ್ಲೇ ಸದಾ ಕಾದಿರುವ ಕುಲುಮೆ ಇದೆ ಎಂದು ಎಣಿಸಿ ಬರೆದಿರುತ್ತವೆ. ಒಬ್ಬೊಬ್ಬರಿಗೂ ಒಂದು ಕುಲುಮೆ ನಮಗೆ ಆಗದ ಮಾತು. ಕರೆಂಟು ನಡುವೆ ಹೋಗುವ ಊರಿನಲ್ಲಿ ದಿನವಿಡೀ ಕಾಯಿಸಿಡುವುದೂ ಆಗದು. ಇದಕ್ಕೆ ಬೇರೆ ದಾರಿಯಿದೆ. ಸಣ್ಣ ಮಣಿಯನ್ನು ಮಾಡಿದ ಕೂಡಲೇ ಕಾಯಿಸಿದ ವರ್ಮಿಕ್ಯುಲೈಟ್ ತುಂಬಿದ ಪಾತ್ರೆಯಲ್ಲಿ ಹೂತು ಮೆಲ್ಲಗೆ ಆರಿಸಬಹುದು. ನರ್ಸರಿಯವರು ಸಸಿ ಟ್ರೇಗೆ ಹಾಕುವ ಅದೇ ಹಗುರ ಪುಡಿ. ಹೀಗೆ ಒಂದು ವಾರದ ಮಣಿಗಳನ್ನೆಲ್ಲ ಕೂಡಿಟ್ಟು, ಕರೆಂಟು ನೆಚ್ಚಬಹುದಾದ ಹೊತ್ತಿನಲ್ಲಿ, ಸಂಘದ ಒಂದೇ ಕುಲುಮೆಯಲ್ಲಿ ಒಟ್ಟಿಗೆ ನಿಧಾನವಾಗಿ ಕಾಯಿಸಿ, ಹಿಡಿದು, ಇಳಿಸಬಹುದು. ಇಂಗ್ಲಿಷಿನಲ್ಲಿ ಇದನ್ನು ಬ್ಯಾಚ್ ಅನೀಲಿಂಗ್ ಎನ್ನುತ್ತಾರೆ. ಗಮನವಿಡಬೇಕಾದದ್ದು, ವರ್ಮಿಕ್ಯುಲೈಟಿನಲ್ಲಿ ಹೂತರೆ ಮಣಿ ತಕ್ಷಣ ಒಡೆಯದಂತೆ ಕಾಪಾಡಿದಂತಾಯಿತು ಅಷ್ಟೆ. ಎಳೆತ ಒಳಗೇ ಇರುತ್ತದೆ. ಅಷ್ಟಕ್ಕೇ ಮಣಿ ಸಿದ್ಧ ಎನ್ನುವ ಪುಸ್ತಕ ನಿಮ್ಮ ಗಿರಾಕಿಗೆ ಮೋಸ ಮಾಡಿಸುತ್ತದೆ. ಬ್ಯಾಚ್ ಅನೀಲಿಂಗ್ ಬಗ್ಗೆ ಒಂದು ಪುಟವಾದರೂ ಇರುವ ಪುಸ್ತಕವನ್ನೇ ಆರಿಸಿ.

ಎಳೆತ ಹೋಗಿದೆಯೋ ಇಲ್ಲವೋ ನೋಡಲು ಒಂದು ಸರಳ ಉಪಾಯ ಹೇಳುತ್ತೇನೆ, ಶಾಲೆಯಲ್ಲಿ ಮಕ್ಕಳಿಗೆ ತೋರಿಸುತ್ತಿದ್ದದ್ದು. ಕಂಪ್ಯೂಟರಿನ ಎಲ್‌ಸಿಡಿ ಪರದೆಯಲ್ಲಿ ಬರೀ ಬಿಳಿ ಬಣ್ಣ ತೆರೆಯಿರಿ. ಪೋಲರಾಯ್ಡ್ ಕನ್ನಡಕದ ಗಾಜನ್ನು ಕಣ್ಣಿನ ಮುಂದೆ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಆಗ ಬಣ್ಣವಿಲ್ಲದ ಪಾರದರ್ಶಕ ಮಣಿಯನ್ನು ನಡುವೆ ಹಿಡಿಯಿರಿ. ಸರಿಯಾಗಿ ತಣಿಸದ ಮಣಿಯೊಳಗೆ ಬೆಳಕಿನ ಪಟ್ಟೆಗಳು ಕಾಣುತ್ತವೆ. ಬಣ್ಣ ದಟ್ಟವಾದ ಮಣಿಯಲ್ಲಿ ಇದು ಕಾಣದು. ಹಾಗಾಗಿ ಪ್ರತಿ ಸಲ ಕುಲುಮೆಗೆ ಇಡುವಾಗ ಬಣ್ಣವಿಲ್ಲದ ಪಾರದರ್ಶಕ ಗಾಜಿನ ಒಂದು ಮಣಿಯನ್ನೂ ಜೊತೆಗಿಟ್ಟು ಅದನ್ನು ನೋಡಿ.

ತಣಿಸುವುದಾದ ಮೇಲೆ ಗಾಜಿನ ಹೊಂದಾಣಿಕೆ. ಗಾಜಿನ ಕಡ್ಡಿಗಳಿಗೆ 104, 96, 90, 33 ಎಂಬ ಅಂಕಿ ಕೊಟ್ಟಿರುವುದನ್ನು ಪುಸ್ತಕಗಳಲ್ಲಿ ಕಾಣುತ್ತೀರಿ. ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎಂಬುದರ ಅಳತೆ ಅದು. 104ರ ಗಾಜಿನ ಒಂದು ಮೀಟರ್ ಕಡ್ಡಿಯನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಒಂದು ಮಿಲಿಮೀಟರಿಗಿಂತ ಕೂದಲಷ್ಟು ಜಾಸ್ತಿ ಹಿಗ್ಗುತ್ತದೆ. 33ರ ಬೋರೋಸಿಲಿಕೇಟ್ ಅದರ ಮೂರನೇ ಒಂದು ಭಾಗದಷ್ಟು ಮಾತ್ರ. ಇವೆರಡನ್ನೂ ಒಂದೇ ಮಣಿಯಲ್ಲಿ ಸೇರಿಸಿದರೆ ತಣಿಯುವಾಗ ಒಂದು ಹೆಚ್ಚು ಕುಗ್ಗಿ ಇನ್ನೊಂದನ್ನು ಸೀಳುತ್ತದೆ. ಎಷ್ಟು ಚೆನ್ನಾಗಿ ತಣಿಸಿದರೂ ಇದು ತಪ್ಪದು. ಹೊರಗಿನ ಪುಸ್ತಕಗಳು ಇಟಲಿಯ ಮುರಾನೊ ಸಂಪ್ರದಾಯದ 104ರ ಗಾಜನ್ನೇ ಮುಂದಿಟ್ಟುಕೊಂಡು, ಅಂಗಡಿಯಿಂದ ಅಂಕಿ ನೋಡಿ ತನ್ನಿ ಎಂದು ಹೇಳಿ ಮುಂದೆ ಹೋಗುತ್ತವೆ. ನಮಗೆ ಸಿಗುವ ಕಡ್ಡಿ ಅಂಕಿಯಿಲ್ಲದೆ, ತೂಕಕ್ಕೆ, ಉತ್ತರ ಪ್ರದೇಶದ ಫಿರೋಜಾಬಾದಿನಿಂದಲೋ ಪುರ್ದಿಲ್‌ನಗರದಿಂದಲೋ ಬಂದಿರಬಹುದು. ಬಳೆಗೆ, ಮಣಿಗೆ ಹೆಸರಾದ ಊರುಗಳು ಅವು. ಗಾಜು ಕೆಟ್ಟದ್ದೇನಲ್ಲ. ಆದರೆ ಕೆಂಪು ಕಡ್ಡಿಯೂ ನೀಲಿ ಕಡ್ಡಿಯೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೀವೇ ಕಂಡುಕೊಳ್ಳಬೇಕು.

ಕಂಡುಕೊಳ್ಳಲು ಖರ್ಚಿಲ್ಲದ ಪರೀಕ್ಷೆಯಿದೆ. ಎರಡು ಬಣ್ಣದ ಕಡ್ಡಿಗಳ ತುದಿಯನ್ನು ಉರಿಯಲ್ಲಿ ಪಕ್ಕಪಕ್ಕಕ್ಕೆ ಕರಗಿಸಿ ಒಂದಕ್ಕೊಂದು ಅಂಟಿಸಿ, ಒಂದರ ಮೇಲೊಂದು ಸುತ್ತಿಕೊಳ್ಳದಂತೆ ಚಪ್ಪಟೆಯಾಗಿ ಒತ್ತಿ. ಮತ್ತೆ ಕಾಯಿಸಿ ಉರಿಯಿಂದ ಆಚೆ ತಂದು ಒಂದು ಗೇಣಿಗೂ ಉದ್ದವಾದ ಸಣ್ಣ ಎಳೆಯಾಗಿ ಎಳೆಯಿರಿ. ಎಳೆ ಆರಿದ ಮೇಲೆ ನೆಟ್ಟಗೆ ಉಳಿದರೆ ಎರಡು ಗಾಜೂ ಹೊಂದುತ್ತವೆ. ಬಿಲ್ಲಿನಂತೆ ಬಾಗಿದರೆ ಒಳಬದಿಗೆ ಬಂದ ಗಾಜು ಹೆಚ್ಚು ಕುಗ್ಗಿದೆ ಎಂದರ್ಥ, ಆ ಜೋಡಿ ಬೇಡ. ಕೊಂಡ ಪ್ರತಿಯೊಂದು ಕಟ್ಟಿನ ಕಡ್ಡಿಗೂ ಇದನ್ನು ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಂಕಿ ನಂಬಿ ಎನ್ನುವ ಪುಸ್ತಕಕ್ಕಿಂತ ಇಂಥ ಪರೀಕ್ಷೆ ಹೇಳಿಕೊಡುವ ಪುಸ್ತಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಬಣ್ಣಗಳ ಗುಣವೂ ಹೀಗೇ ಕಾರಣದಿಂದ ತಿಳಿಯಬೇಕಾದದ್ದು. ತಾಮ್ರ ಸೇರಿದ ಹಸಿರುನೀಲಿ ಗಾಜಿನ ಮೇಲೆ ಆಮ್ಲಜನಕ ಕಡಿಮೆಯಾದ ಉರಿ ತಾಗಿದರೆ ಇಟ್ಟಿಗೆ ಬಣ್ಣದ ಪೊರೆ ಏಳುತ್ತದೆ. ದಂತದ ಬಣ್ಣದ ಗಾಜು ಅದೇ ಹಸಿರುನೀಲಿಗೆ ತಾಗಿದಲ್ಲಿ ಬೂದುಗಪ್ಪು ಗೆರೆ ಮೂಡುತ್ತದೆ, ಒಂದರ ಗಂಧಕಕ್ಕೂ ಇನ್ನೊಂದರ ತಾಮ್ರಕ್ಕೂ ಆಗುವ ಕೂಟದಿಂದ. ತಿಳಿಯದವರಿಗೆ ಇದು ಕೊಳಕು, ತಿಳಿದವರಿಗೆ ಬೇಕಾದಾಗ ಬರಿಸಿಕೊಳ್ಳುವ ಅಲಂಕಾರ.

ಉರಿಯ ವಿಷಯದಲ್ಲಿ ಹಳೆಯ ಪುಸ್ತಕಗಳನ್ನು ಕಣ್ಣುಮುಚ್ಚಿ ನಂಬಬೇಡಿ. 1990ರ ದಶಕದ, ಈ ಶತಮಾನದ ಮೊದಲ ವರ್ಷಗಳ ಅಮೆರಿಕದ ಪುಸ್ತಕಗಳಲ್ಲಿ ಹೊಸಬರಿಗೆ ಮ್ಯಾಪ್ ಗ್ಯಾಸ್ ಎಂಬ ಸಣ್ಣ ಡಬ್ಬಿ ತೋರಿಸಿರುತ್ತಾರೆ. ಆ ಗ್ಯಾಸಿನ ತಯಾರಿಕೆ ಅಲ್ಲಿಯೇ 2008ರಲ್ಲಿ ನಿಂತಿತು. ನಮ್ಮಲ್ಲಿರುವುದು ಎಲ್‌ಪಿಜಿ, ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತದ್ದು. ಮನೆಯ ಒಲೆಯ ರೆಗ್ಯುಲೇಟರ್ ಬಿಡುವ ಒತ್ತಡ ಬಹಳ ಕಡಿಮೆ, ಅದರಿಂದ ಟಾರ್ಚ್ ಸರಿಯಾಗಿ ಉರಿಯದು. ಮನೆಯ 14.2 ಕಿಲೋ ಸಿಲಿಂಡರನ್ನು ಮಾರಾಟದ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ. 19 ಕಿಲೋ ವಾಣಿಜ್ಯ ಸಿಲಿಂಡರ್, ಅದಕ್ಕೆ ತಕ್ಕ ರೆಗ್ಯುಲೇಟರ್, ಉರಿ ಹಿಂದಕ್ಕೆ ನುಗ್ಗದಂತೆ ತಡೆಯುವ ಸಾಧನ, ಇವಿಷ್ಟನ್ನು ವೆಲ್ಡಿಂಗ್ ಸಾಮಾನು ಮಾರುವವರ ಬಳಿ ಕೇಳಿ ತಿಳಿದೇ ಕೊಳ್ಳಿ. ಆಮ್ಲಜನಕ ಸೇರಿಸುವ ಟಾರ್ಚ್ ಆದರೆ ಅದರ ಕೊಂಡಿಗಳಿಗೆ ಎಣ್ಣೆ, ಗ್ರೀಸು ಸೋಕಬಾರದು, ಸೋಕಿದರೆ ಹೊತ್ತಿಕೊಳ್ಳಬಹುದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ಆದ್ದರಿಂದ ತಗ್ಗಿನ ಕೋಣೆ, ನೆಲಮಾಳಿಗೆ ಬೇಡ. ಪುಸ್ತಕದಲ್ಲಿ ಈ ಎಲ್‌ಪಿಜಿ ಸಂಗತಿ ಇಲ್ಲದಿದ್ದರೂ ಪರವಾಗಿಲ್ಲ. ಆದರೆ ಉರಿಯಲ್ಲಿ ಗ್ಯಾಸು ಹೆಚ್ಚಾದರೆ ಏನು, ಗಾಳಿ ಹೆಚ್ಚಾದರೆ ಏನು ಎಂದು ಚಿತ್ರ ಸಮೇತ ವಿವರಿಸಿರಬೇಕು. ಅದನ್ನು ತಿಳಿದವರು ಯಾವ ಗ್ಯಾಸಿನಲ್ಲೂ ತಮ್ಮ ಉರಿಯನ್ನು ಹದ ಮಾಡಿಕೊಳ್ಳುತ್ತಾರೆ.

ಕಣ್ಣು ಮತ್ತು ಉಸಿರಿನ ಬಗ್ಗೆ ಹೇಳದ ಪುಸ್ತಕವನ್ನು ಮುಟ್ಟಲೇಬೇಡಿ. ಬಿಸಿ ಗಾಜಿನಿಂದ ಸೋಡಿಯಂನ ಹಳದಿ ಬೆಳಕು ಹೊಮ್ಮಿ ಮಣಿಯನ್ನೇ ಮರೆಮಾಡುತ್ತದೆ. ಅದನ್ನು ತಡೆಯಲು ಡಿಡಿಮಿಯಂ ಕನ್ನಡಕ ಬೇಕು, ಸಾಮಾನ್ಯ ತಂಪು ಕನ್ನಡಕ ಆಗದು. ಒಣಗಿದ ಲೇಪದ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಮಣಿಯ ತೂತಿನಲ್ಲಿರುವ ಪುಡಿಯನ್ನು ಯಾವಾಗಲೂ ನೀರಿನಲ್ಲೇ ತೊಳೆದು ತೆಗೆಯಬೇಕು. ಹೊಗೆ ಹೊರಗೆಳೆಯುವ ಫ್ಯಾನ್ ಇರಬೇಕು. ಒಂದು ವಿಷಯ ಮಾತ್ರ ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ, ಅದನ್ನು ನಾನೇ ಹೇಳುತ್ತೇನೆ: ಸೆರಗು. ಉರಿಯ ಮುಂದೆ ಪಾಲಿಯೆಸ್ಟರ್ ಸೀರೆ ಬೇಡ, ನೂಲಿನ ಬಟ್ಟೆ ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಜಡೆ ಕಟ್ಟಿ ಕೂರಿ. ಚಿಮ್ಮಿದ ಬಿಸಿ ಗಾಜಿನ ಚೂರು ಪಾಲಿಯೆಸ್ಟರನ್ನು ಕರಗಿಸಿ ಮೈಗೆ ಅಂಟಿಸುತ್ತದೆ.

ಇನ್ನು ಪುಸ್ತಕಗಳ ಹೆಸರು. ಸಿಂಡಿ ಜೆಂಕಿನ್ಸ್ ಅವರ ‘ಮೇಕಿಂಗ್ ಗ್ಲಾಸ್ ಬೀಡ್ಸ್’ 1997ರದು. ಕಿಂಬರ್ಲಿ ಆಡಮ್ಸ್ ಅವರ ‘ದಿ ಕಂಪ್ಲೀಟ್ ಬುಕ್ ಆಫ್ ಗ್ಲಾಸ್ ಬೀಡ್‌ಮೇಕಿಂಗ್’ 2005ರದು. ಇವೆರಡರಲ್ಲಿ ಒಂದು ಸಾಕು, ನನ್ನ ಒಲವು ಆಡಮ್ಸ್ ಕಡೆಗೆ. ಮೊದಲ ದುಂಡು ಮಣಿಯಿಂದ ಹಿಡಿದು ಮುಂದಿನ ಕೆಲಸದವರೆಗೆ ಕೈಗಳ ಚಿತ್ರ ಸಮೇತ ಹೋಗುತ್ತದೆ, ಇಂಗ್ಲಿಷ್ ಕಷ್ಟವಾದವರೂ ಚಿತ್ರ ನೋಡಿ ಅರ್ಧ ಹಿಡಿಯಬಹುದು. ಕೊರೀನಾ ಟೆಟ್ಟಿಂಗರ್ ಅವರ ‘ಪಾಸಿಂಗ್ ದ ಫ್ಲೇಮ್’ (2002) ಮಣಿಯ ಮೇಲೆ ಚುಕ್ಕಿ, ಎಳೆ, ಹೂವು ಬಿಡಿಸುವ ಕುಸುರಿಗೆ ಪ್ರಸಿದ್ಧ. ಅದು ಕೈ ಪಳಗಿದ ಮೇಲೆ, ಈಗಲೇ ಬೇಡ. ಬಂಧು ಸ್ಕಾಟ್ ಡನ್ಹ್ಯಾಮ್ ಅವರ ‘ಕಂಟೆಂಪರರಿ ಲ್ಯಾಂಪ್‌ವರ್ಕಿಂಗ್’ ದೊಡ್ಡ ಪುಸ್ತಕ, ಮಣಿಗಷ್ಟೇ ನಿಲ್ಲದೆ ಬೋರೋಸಿಲಿಕೇಟಿನ ಕೆಲಸಕ್ಕೂ ಹೋಗುತ್ತದೆ. ನಿಮ್ಮಲ್ಲಿ ಯಾರಾದರೂ ಮುಂದೆ ಪಾತ್ರೆ, ಆಕೃತಿಗಳ ಕಡೆ ಹೊರಟರೆ ಆಗ ತರಿಸೋಣ.

ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಜೇಮ್ಸ್ ಕರ್ವಿನ್ ಅವರ ‘ಮೋರ್ ದ್ಯಾನ್ ಯು ಎವರ್ ವಾಂಟೆಡ್ ಟು ನೋ ಅಬೌಟ್ ಗ್ಲಾಸ್ ಬೀಡ್‌ಮೇಕಿಂಗ್’ ಇದೆ. ಹೆಸರೇ ಹೇಳುವಂತೆ ಅದರಲ್ಲಿ ಬೇಕಾದ್ದಕ್ಕಿಂತ ಹೆಚ್ಚಿದೆ. ಓದಲು ಬಿಗಿ. ಚಿತ್ರಕ್ಕಿಂತ ವಿವರಣೆ ಮುಂದು. ಪುಸ್ತಕದಂಗಡಿಯಲ್ಲಿ ಆಡಮ್ಸ್ ಪಕ್ಕದಲ್ಲಿಟ್ಟರೆ ನಿಮ್ಮಲ್ಲಿ ಯಾರೂ ಇದನ್ನು ಎತ್ತಿಕೊಳ್ಳಲಾರಿರಿ. ಆದರೂ ನನ್ನ ಸಲಹೆ ಈ ಎರಡನ್ನೇ ತರಿಸಿ ಎಂದು. ಒಂದು ಕೈಗೆ, ಒಂದು ಬುದ್ಧಿಗೆ. ಹೊಸ ಪ್ರತಿ ಸಿಗದಿದ್ದರೆ ಬೆಂಗಳೂರಿನ ಹಳೆ ಪುಸ್ತಕದಂಗಡಿಗಳಲ್ಲಿ ಹೇಳಿಟ್ಟು ಹಳೆಯ ಪ್ರತಿಯನ್ನೇ ಹುಡುಕಿಸಿ, ಉರಿಯ ಕಲೆ ಬಿದ್ದ ಪ್ರತಿಯಾದರೂ ಸರಿ.

ವಿಡಿಯೋ ನೋಡಿದರೆ ಸಾಲದೇ ಎಂದು ನಿಮ್ಮ ಮಕ್ಕಳು ಕೇಳುತ್ತಾರೆ. ಕೈಯ ಓಟ, ಸರಳು ತಿರುಗುವ ವೇಗ, ಗಾಜು ಇಳಿಬೀಳುವ ಕ್ಷಣ, ಇವು ವಿಡಿಯೋದಲ್ಲಿ ಚೆನ್ನಾಗಿ ತಿಳಿಯುತ್ತವೆ. ನೋಡಿ. ಆದರೆ ಎರಡು ತಿಂಗಳ ಮೇಲೆ ಒಡೆದ ಮಣಿಯ ಕಾರಣವನ್ನು ಹತ್ತು ನಿಮಿಷದ ವಿಡಿಯೋದಲ್ಲಿ ಹುಡುಕುವುದು ಕಷ್ಟ. ಅದಕ್ಕೆ ಹಿಂದೆ ಮುಂದೆ ತಿರುವಿ, ಅಡಿಗೆರೆ ಹಾಕಿ, ನಾಲ್ಕು ಜನ ಕೂತು ಚರ್ಚಿಸುವ ಪುಟ ಬೇಕು.

ಇಂಗ್ಲಿಷಿನ ಬಗ್ಗೆ ನಿಮಗಿರುವ ಹಿಂಜರಿಕೆ ನನಗೆ ಗೊತ್ತು. ಈ ವಿದ್ಯೆಗೆ ಕನ್ನಡದಲ್ಲಿ ಒಂದು ಕೈಪಿಡಿ ನನ್ನ ಕೈಗೆ ಸಿಕ್ಕಿಲ್ಲ. ಹಾಗಾಗಿ ಓದುವ ರೀತಿಯನ್ನೇ ಬದಲಿಸೋಣ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ನಿಮ್ಮ ಮನೆಗಳಲ್ಲಿದ್ದಾರೆ. ವಾರದ ಸಂಘದ ಸಭೆಯ ದಿನ ಒಬ್ಬಳು ಎರಡು ಪುಟ ಓದಿ ಅರ್ಥ ಹೇಳಲಿ, ಒಬ್ಬರು ಅದನ್ನು ನಿಮ್ಮದೇ ಮಾತಿನಲ್ಲಿ ನೋಟ್‌ಬುಕ್ಕಿಗೆ ಇಳಿಸಲಿ. ಮಾರನೆಯ ವಾರ ಉರಿಯ ಮುಂದೆ ಮಾಡಿ ನೋಡಿದ್ದನ್ನು ಅದರ ಎದುರು ಪುಟದಲ್ಲಿ ಬರೆಯಿರಿ: ಯಾವ ಕಡ್ಡಿ, ಎಲ್ಲಿಂದ ಬಂದದ್ದು, ಯಾವುದರ ಜೊತೆ ಹೊಂದಿತು, ಎಷ್ಟು ಶಾಖದಲ್ಲಿ ಎಷ್ಟು ಹೊತ್ತು ಹಿಡಿದಿರಿ, ಎಷ್ಟು ಮಣಿ ಉಳಿದವು, ಎಷ್ಟು ಒಡೆದವು. ಒಡೆದದ್ದನ್ನು ಬಿಡದೆ ಬರೆಯಿರಿ. ಚನ್ನಪಟ್ಟಣದ ಬಳೆಯವರಾಗಲಿ ಮತ್ತೋಡಿನವರಾಗಲಿ ಇಂಥ ಒಂದು ನೋಟ್‌ಬುಕ್ ಬಿಟ್ಟುಹೋಗಿದ್ದರೆ ನಾನು ಈ ಪತ್ರದಲ್ಲಿ ಅಮೆರಿಕದ ಹೆಸರುಗಳನ್ನು ಇಷ್ಟು ಉದ್ದಕ್ಕೆ ಪಟ್ಟಿ ಮಾಡಬೇಕಾಗಿರಲಿಲ್ಲ.

ಚನ್ನಪಟ್ಟಣಕ್ಕೆ ಒಮ್ಮೆ ಒಟ್ಟಿಗೆ ಹೋಗಿ ಬನ್ನಿ ಎಂದೂ ಕೇಳಿಕೊಳ್ಳುತ್ತೇನೆ. ಅಲ್ಲಿ ಹೆಂಗಸರೇ ಲೇತಿನ ಮುಂದೆ ಕೂತು ಮರದ ಮಣಿ ಕಡೆಯುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ, ಆಮೇಲೆ ಒಣಗಿದ ಎಲೆ ಹಿಡಿದು ಹೊಳಪು ಕೊಡುತ್ತಾರೆ. ಕಡ್ಡಿಯನ್ನು ಎಷ್ಟು ಒತ್ತಬೇಕು, ಯಾವಾಗ ಎತ್ತಬೇಕು ಎಂಬ ಅವರ ಕೈಯ ಹದವನ್ನು ಗಮನವಿಟ್ಟು ನೋಡಿ. ಗಾಜಿನ ಕಡ್ಡಿಗೂ ಅಂಥದೇ ಕೈ ಬೇಕು. ಎರಡೂ ಕಡೆಯ ಮಣಿಗಳನ್ನು ಒಂದೇ ಸರದಲ್ಲಿ ಪೋಣಿಸಿದರೆ ಮಾರುಕಟ್ಟೆಯಲ್ಲಿ ಬೇರೆಲ್ಲೂ ಸಿಗದ ಸರಕಾಗುತ್ತದೆ ಎಂಬುದು ನನ್ನ ಆಸೆ. ಅವರೊಡನೆ ಆ ಮಾತನ್ನೂ ಎತ್ತಿ ನೋಡಿ.

ಹಣ ಕೂಡಿದ ಮೇಲೆ ಟಾರ್ಚ್, ಕುಲುಮೆ ಕೊಳ್ಳುವ ಮೊದಲು ಪುಸ್ತಕಗಳನ್ನು ತರಿಸಿ. ಪುಸ್ತಕ ಓದಿದವರಿಗೆ ಯಾವ ಕುಲುಮೆ ಬೇಕೆಂದು ತಾನೇ ತಿಳಿಯುತ್ತದೆ, ಮಾರುವವರ ಮಾತಿಗೆ ಮರುಳಾಗುವುದು ತಪ್ಪುತ್ತದೆ. ಕರ್ವಿನ್ ಪುಸ್ತಕದ ತಣಿಸುವ ಭಾಗವನ್ನು ನಾನೇ ಬಂದು ಓದಿ ಹೇಳುತ್ತೇನೆ. ಸಭೆಯ ದಿನ ಮತ್ತು ಹೊತ್ತು ಗ್ರಂಥಾಲಯದಲ್ಲಿ ತಿಳಿಸಿಟ್ಟರೆ ಸಾಕು.

ನಿಮ್ಮ ಊರಿನವಳೇ ಆದ,
ನಿವೃತ್ತ ವಿಜ್ಞಾನ ಶಿಕ್ಷಕಿ
ಸೋಲೂರು